ಎರಡು ಇಂಚಿನ ಮರ್ಯಾದೆ

ಅಕ್ಕನ ಫೋನ್ ಬಂದಾಗ ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ರಾಣೇಬೆನ್ನೂರಿನ ನಮ್ಮ ಹೊಲಿಗೆ ಅಂಗಡಿಯಲ್ಲಿ ಮದುಮಗನೊಬ್ಬನ ಕೋಟಿಗೆ ತೋಳು ಕೂಡಿಸುತ್ತಿದ್ದೆ. ಹೆಂಡತಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಅಕ್ಕ ಅಳುತ್ತಿರಲಿಲ್ಲ. ಅವಳು ಅತ್ತರೆ ಸಮಾಧಾನ ಮಾಡಬಹುದು, ಅಳದೆ ಮಾತಾಡಿದರೆ ನನ್ನ ಕೈಕಾಲು ಆಡುವುದಿಲ್ಲ.

"ಬಸ್ ರೋಡ್ ಬಿಟ್ಟು ಗೋವಿನಜೋಳದ ಹೊಲಕ್ಕ ಇಳದೈತಿ. ಹುಡುಗೂರಿಗೆ ಏನೂ ಆಗಿಲ್ಲ, ಇವರಿಗೂ ಏನೂ ಆಗಿಲ್ಲ. ನಾಯಿ ಅಡ್ಡ ಬಂತು ಅಂತಾರ. ನಾಳೆ ಸಾಲಿ ಸೂಟಿ ಐತಿ. ನೀ ಬಾ," ಎಂದಳು.

ಇವರು ಎಂದರೆ ಅಕ್ಕನ ಗಂಡ. ನಾನು ಮಾಮಾ ಎನ್ನುತ್ತೇನೆ. ಮನೆ ಬ್ಯಾಡಗಿಯಲ್ಲಿ, ಕೆಲಸ ಹಾವೇರಿಯ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುವುದು. ಬೆಳಿಗ್ಗೆ ಬ್ಯಾಡಗಿಯ ಮಕ್ಕಳನ್ನು ಹತ್ತಿಸಿಕೊಂಡು ಮೋಟೆಬೆನ್ನೂರಿನ ಹತ್ತಿರ ಹೈವೇ ಹಿಡಿದು ಹಾವೇರಿಗೆ ಹೋಗುತ್ತಾರೆ, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುತ್ತಾರೆ. ಹದಿನೈದು ವರ್ಷದಲ್ಲಿ ಒಂದು ಕನ್ನಡಿಯನ್ನೂ ಒಡೆದವರಲ್ಲ. ಆ ಶುಕ್ರವಾರ ಸಂಜೆಯೂ ಲೆಕ್ಕಕ್ಕೆ ಹಿಡಿದರೆ ಏನೂ ಆಗಿರಲಿಲ್ಲ. ಬಸ್ಸಿನ ಎಡಗಾಲಿಗಳು ಹೊಲಕ್ಕೆ ಇಳಿದಿದ್ದವು, ಅಷ್ಟೇ. ಮಕ್ಕಳು ನಕ್ಕಿದ್ದರಂತೆ.

ಆದರೂ ನಾಯಿಯ ಮಾತನ್ನು ನಾನು ನಂಬಲಿಲ್ಲ. ಯಾಕೆ ನಂಬಲಿಲ್ಲ ಎಂದು ಹೇಳಬೇಕಾದರೆ ನಮ್ಮ ಅಂಗಡಿಯ ಒಂದು ಪದ್ಧತಿಯನ್ನು ಹೇಳಬೇಕು. ಇದನ್ನು ಹೊರಗಿನವರಿಗೆ ಹೇಳುತ್ತಿರುವುದು ಇದೇ ಮೊದಲು.

ಅಂಗಡಿ ಅಪ್ಪ ಇಟ್ಟದ್ದು. ಅಪ್ಪ ಟೇಪು ಹಿಡಿದು ಅಳತೆ ಕೂಗುತ್ತಿದ್ದ, ಅಕ್ಕ ಮೂಲೆಯಲ್ಲಿ ಕುಳಿತು ಅಳತೆ ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬೆಂಚಿನ ಮೇಲೆ ಯಾವಾಗಲೂ ನಾಲ್ಕು ಮಂದಿ ಇರುತ್ತಿದ್ದರು. ಅವರೆದುರು ಒಬ್ಬ ದಲಾಲಿಯ ಹೊಟ್ಟೆ ನಲವತ್ತನಾಲ್ಕು ಎಂದು ಕೂಗಿದರೆ ಅವನು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾನೆ, ಮುಂದಿನ ಸಲ ಎದುರಿನ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ್ದ. ಮೈ ಬಂದವರ ಹೊಟ್ಟೆ, ಕುತ್ತಿಗೆಗಳನ್ನು ಎರಡು ಇಂಚು ಇಳಿಸಿ ಕೂಗುವುದು. ಕೂಗುವ ಮೊದಲು ಒಂದು ಸಣ್ಣ ಕೆಮ್ಮು. ಕೆಮ್ಮು ಕೇಳಿಸಿದರೆ ಅಕ್ಕ ಎರಡು ಸೇರಿಸಿ ಬರೆದುಕೊಳ್ಳಬೇಕು. ಅಂಗಿ ಸರಿಯಾಗಿಯೇ ಕೂಡುತ್ತಿತ್ತು, ಗಿರಾಕಿ ಎದೆ ಉಬ್ಬಿಸಿಕೊಂಡು ಹೋಗುತ್ತಿದ್ದ. ನಮ್ಮ ಅಂಗಡಿಯಲ್ಲಿ ಅಳತೆ ಕೊಟ್ಟವರು ಯಾರೂ ದಪ್ಪಗಾಗುವುದಿಲ್ಲ ಎಂದು ಊರಲ್ಲಿ ಹೆಸರಿತ್ತು. ಅಪ್ಪನ ನಂತರ ಟೇಪು ನನಗೆ ಬಂತು, ಬುಕ್ಕು ನನ್ನ ಹೆಂಡತಿಗೆ ಬಂತು, ಕೆಮ್ಮೂ ಬಂತು.

ಮಾಮಾ ಮದುವೆಯಲ್ಲಿ ಕಡ್ಡಿಯ ಹಾಗಿದ್ದರು. ಕುತ್ತಿಗೆ ಹದಿನೈದು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಎರಡು ಜೊತೆ ಖಾಕಿ ಬಟ್ಟೆಗೆ ಅಳತೆ ಕೊಡಲು ರಾಣೇಬೆನ್ನೂರಿಗೆ ಬರುತ್ತಾರೆ. ಅಳಿಯ ಬಂದರೆಂದು ಹೆಂಡತಿ ಹೋಳಿಗೆ ಮಾಡುತ್ತಾಳೆ. ವರ್ಷ ಕಳೆದ ಹಾಗೆ ಮೈ ತುಂಬಿತು, ಮುಖ ದುಂಡಗಾಯಿತು, ಗದ್ದ ಮೊದಲೇ ಸಣ್ಣದು, ಅದು ಕುತ್ತಿಗೆಯೊಳಗೆ ಅಡಗಿತು. ಹದಿನೇಳು ಆದ ವರ್ಷ ನಾನು ಮೊದಲ ಸಲ ಕೆಮ್ಮಿದೆ. ಮಾಮಾ ನಮ್ಮ ಮನೆಯ ಅಳಿಯ, ಹೋಳಿಗೆ ಉಣ್ಣಲು ಬಂದವರು, ಬೆಂಚಿನ ಮೇಲೆ ಜನ ಇದ್ದರು, ಅವರ ಮನಸ್ಸು ಯಾಕೆ ಕೆಡಿಸಬೇಕು ಎಂದುಕೊಂಡೆ. ಹದಿನೇಳನ್ನು ಹದಿನೈದು ಎಂದು ಕೂಗಿದೆ. ಅವರು ಕನ್ನಡಿಯಲ್ಲಿ ನೋಡಿಕೊಂಡು, "ನೋಡ್ರಿ, ಮದುವ್ಯಾಗಿನ ಕುತ್ತಿಗಿನ ಇನ್ನೂ," ಎಂದು ಬೆಂಚಿನವರಿಗೆ ಹೇಳಿದರು. ಅಲ್ಲಿಂದ ಪ್ರತಿ ವರ್ಷ ಕೆಮ್ಮಿದೆ. ಕಳೆದ ವರ್ಷ ಮೇ ತಿಂಗಳಲ್ಲಿ, ಬಸ್ಸು ಹೊಲಕ್ಕಿಳಿಯುವ ಮೊದಲು, ಟೇಪು ಹದಿನೆಂಟು ತೋರಿಸಿತು, ನಾನು ಹದಿನಾರು ಎಂದೆ. "ಇಪ್ಪತ್ತೆರಡು ವರ್ಷಕ್ಕ ಒಂದ ಇಂಚು," ಎಂದು ಖುಷಿಪಟ್ಟರು. ಆಮೇಲೆ ಸ್ಟೂಲಿನ ಮೇಲೆ ಕುಳಿತು ಚಹಾದ ಕಪ್ಪು ಕೈಯಲ್ಲಿ ಹಿಡಿದೇ ತೂಕಡಿಸಿದರು. ಚಹಾ ಅವರ ತೊಡೆಯ ಮೇಲೆ ಚೆಲ್ಲಿತು. ಸಮಯ ಬೆಳಿಗ್ಗೆ ಹತ್ತೂವರೆ. ನಾವೆಲ್ಲ ನಕ್ಕೆವು, ನಾನೇ ಹೆಚ್ಚು ನಕ್ಕೆ.

ಶನಿವಾರ ಹನ್ನೆರಡರ ಹೊತ್ತಿಗೆ ಬ್ಯಾಡಗಿ ಮುಟ್ಟಿದೆ. ಮಾಮಾ ಏನೂ ಆಗದವರ ಹಾಗೆ ಕಟ್ಟೆಯ ಮೇಲೆ ಕುಳಿತಿದ್ದರು. ನಾಯಿಯ ಬಣ್ಣವನ್ನೂ ಹೇಳಿದರು. ರೊಟ್ಟಿ, ಪುಂಡಿಪಲ್ಯ ಉಂಡು ಪಡಸಾಲೆಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದರು. ತಲೆ ದಿಂಬಿಗೆ ತಾಗುವುದೇ ತಡ, ಗೊರಕೆ ಶುರು. ಅಕ್ಕ ಅಡುಗೆಮನೆಯಿಂದ ಬಂದು ನನ್ನ ಪಕ್ಕ ಕುಳಿತಳು.

"ಗೊರಕಿ ಕೇಳಬ್ಯಾಡ. ನಿಂತಾಗ ನೋಡು," ಎಂದಳು.

ಗೊರಕೆ ಏರಿತು, ಏರಿತು, ಥಟ್ಟನೆ ನಿಂತಿತು. ಮನೆ ಶಾಂತವಾಯಿತು. ಎಷ್ಟೋ ಸಲ ಈ ಮನೆಯಲ್ಲಿ ಹಬ್ಬದ ಊಟವಾದ ಮೇಲೆ ಆ ಶಾಂತಿಗೆ ನಾನು ಉಸ್ಸಪ್ಪಾ ಎಂದಿದ್ದೇನೆ. ಈಗ ನೋಡಿದೆ. ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು, ಎದೆ ಎಳೆದುಕೊಳ್ಳುತ್ತಿತ್ತು. ಗಾಳಿ ಮಾತ್ರ ಹೋಗುತ್ತಿರಲಿಲ್ಲ. ನನ್ನ ಅಂಗಿಗೆ ಅಂಟಿದ್ದ ಒಂದು ದಾರದ ಎಳೆ ತೆಗೆದು ಅವರ ಮೂಗಿನ ಕೆಳಗೆ ಹಿಡಿದೆ. ಅದು ಅಲುಗಲಿಲ್ಲ. ಅಕ್ಕ ಬಾಯಲ್ಲೇ ಎಣಿಸುತ್ತಿದ್ದಳು. ಹತ್ತು. ಹದಿನೈದು. ತುಟಿ ಕಪ್ಪಾಗುತ್ತಿದೆ ಎಂದು ನನಗೆ ಅನಿಸಿತು, ಖರೆಯೋ ಹೆದರಿಕೆಯೋ ಗೊತ್ತಿಲ್ಲ. ಇಪ್ಪತ್ತು. ನಾನು ಅವರ ಭುಜಕ್ಕೆ ಕೈ ಹಾಕಲು ಹೋದೆ, ಅಕ್ಕ ನನ್ನ ಕೈ ಹಿಡಿದಳು. ಇಪ್ಪತ್ತಾರಕ್ಕೆ ಮಾಮಾ ನೀರಿನಿಂದ ಮೇಲೆದ್ದವರ ಹಾಗೆ ಮೈಯೆಲ್ಲ ಅದುರಿಸಿ ಗಕ್ಕನೆ ಉಸಿರೆಳೆದರು. ಎಚ್ಚರವಾಗಲಿಲ್ಲ. ಮಗ್ಗುಲು ಬದಲಿಸಿ ಮತ್ತೆ ಗೊರೆಯತೊಡಗಿದರು. ದಾರದ ಎಳೆ ನನ್ನ ಬೆರಳಲ್ಲಿ ಹಾರಾಡುತ್ತಿತ್ತು.

"ದಿನಾ ಹಿಂಗ. ರಾತ್ರಿ ಎಲ್ಲಾ ತಿವಿತೇನಿ," ಎಂದಳು ಅಕ್ಕ. "ಮುಂಜಾನೆ ಎದ್ದರ ತಲಿನೋವು, ಬಾಯಿ ಒಣಗಿ ಮಾತ ಹೊರಡೂದಿಲ್ಲ. ಬಿಪಿ ಗುಳಿಗಿ ಎರಡಾದ್ರೂ ಬಿಪಿ ಇಳಿವಲ್ದು. ಮುಂದಿನ ಸೀಟಿನ ಹುಡುಗಿ ಮನ್ಯಾಗ ಹೇಳ್ಯಾಳಂತ, ಅಂಕಲ್ ಕಣ್ಣ ಮುಚ್ಚಿದ್ರು ಅಂತ. ಅವರವ್ವ ನನಗ ಫೋನ್ ಮಾಡಿದ್ಲು. ಸಾಲಿಗೆ ಹೇಳಿಲ್ಲ ಇನ್ನೂ. ಸೋಮವಾರದ ತನಕಾ ನೋಡ್ತೇನಿ ಅಂದಾಳ."

ಡಾಕ್ಟರಿಗೆ ತೋರಿಸಬೇಕಿತ್ತು ಎಂದೆ. ಅಕ್ಕ ಒಳಗೆ ಹೋಗಿ ಒಂದು ಕಾಗದ ತಂದಳು. ಜೂನಿನಲ್ಲಿ ಶಾಲೆಯವರು ಡ್ರೈವರುಗಳಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದ್ದರು, ಅದರ ಫಾರ್ಮು. ಗೊರಕೆ ಹೊಡೆಯುತ್ತೀರಾ? ಸ್ವಲ್ಪ. ಹಗಲು ನಿದ್ದೆ ಬರುತ್ತದೆಯೇ? ಇಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರೆಯೇ? ಇಲ್ಲ. ಕಾಲರ್ ಅಳತೆ? ಹದಿನಾರು. ಕೆಳಗೆ ಸಹಿ, ಸೀಲು. ಟೇಪು ಹಿಡಿಯಲು ಬಂದ ನರ್ಸಿಗೆ, ನಮ್ಮ ಹೆಂಡತಿಯ ತಮ್ಮನೇ ಟೇಲರ್, ಪ್ರತಿ ವರ್ಷ ಅಳೆಯುತ್ತಾನೆ, ಹದಿನಾರು ಬರೆದುಕೊಳ್ಳಿ ಎಂದಿದ್ದರಂತೆ. ಆಕೆ ಬರೆದುಕೊಂಡಿದ್ದಳು.

"ಉಳಿದದ್ದೆಲ್ಲಾ ಇವರು ಸುಳ್ಳ ಹೇಳ್ಯಾರ, ಅದು ನನಗ ಗೊತ್ತೈತಿ," ಎಂದಳು ಅಕ್ಕ. ಬೆರಳು ಹದಿನಾರರ ಮೇಲಿತ್ತು. "ಇದೊಂದು ನೀ ಹೇಳಿದ್ದು. ಕೆಮ್ಮಿ ಕೂಗಿದ್ದೇನು?"

ನಾನು ಕಾಗದ ಬಿಟ್ಟು ಮಾಮಾನ ಕುತ್ತಿಗೆ ನೋಡಿದೆ. ಗೊರಕೆ ಮತ್ತೆ ಏರುತ್ತಿತ್ತು.

"ಅಪ್ಪಾ ಗಿರಾಕಿಗೆ ಮಾಡ್ತಿದ್ದ. ನೀ ಮನಿ ಮಂದಿಗೆ ಮಾಡಿದಿ," ಎಂದಳು. ಆಮೇಲೆ ದನಿ ಇಳಿಸಿದಳು. "ಅಪ್ಪನ ಕುತ್ತಿಗಿ ಎಷ್ಟಿತ್ತು, ನೆನಪೈತಿ?"

ನೆನಪಿತ್ತು. ಅಪ್ಪ ತನ್ನ ಅಂಗಿಯನ್ನು ತಾನೇ ಹೊಲಿದುಕೊಳ್ಳುತ್ತಿದ್ದ, ಅಳತೆ ಮಾತ್ರ ನಾನು ಹಿಡಿಯಬೇಕಿತ್ತು. ಹದಿನಾಲ್ಕು ವರ್ಷದ ನಾನು ಅಪ್ಪನನ್ನು ಖುಷಿಪಡಿಸಲು ಅವನದೇ ವಿದ್ಯೆಯನ್ನು ಅವನಿಗೇ ಹಚ್ಚಿದೆ. ಕೆಮ್ಮಿ, ಹದಿನಾರೂವರೆ ಎಂದು ಕೂಗಿದೆ. ಅಪ್ಪ ಹೊಟ್ಟೆ ಕುಣಿಸಿ ನಕ್ಕ. ಅಕ್ಕ ಮೂಲೆಯಲ್ಲಿ ಹದಿನೆಂಟೂವರೆ ಬರೆದುಕೊಂಡಳು. ಅಪ್ಪನೂ ಹೀಗೇ ಗೊರೆಯುತ್ತಿದ್ದ, ಮಷೀನಿನ ಮೇಲೆ ತೂಕಡಿಸಿ ಒಮ್ಮೆ ಸೂಜಿಯನ್ನು ಉಗುರಿಗೆ ಇಳಿಸಿಕೊಂಡಿದ್ದ. ಐವತ್ತಮೂರನೆಯ ವರ್ಷ ಒಂದು ಮಧ್ಯಾಹ್ನ ಉಂಡು ಕಟಿಂಗ್ ಟೇಬಲ್ಲಿನ ಪಕ್ಕ ಮಲಗಿದವನು ಏಳಲಿಲ್ಲ. ನಿದ್ದೆಯಲ್ಲೇ ಹೋದ, ಪುಣ್ಯವಂತ ಎಂದು ಎಲ್ಲರೂ ಅಂದರು. ನಾನೂ ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ.

"ಇವರಿಗೆ ನೀನ ಹೇಳಬೇಕು. ನಾ ಹೇಳಿದ್ರ ಕೇಳೂದಿಲ್ಲ. ಹಾವೇರ್ಯಾಗ ಲೇಡಿ ಡಾಕ್ಟರಿಗೆ ಫೋನ್ ಮಾಡೇನಿ, ಸಂಜಿ ಐದಕ್ಕ ಬರ್ರಿ ಅಂದಾರ," ಎಂದಳು.

ನಾನು ಹೇಳಲಿಲ್ಲ. ಮಾಮಾ ಎದ್ದು ಮುಖ ತೊಳೆದಾಗ ಹೇಳಬಹುದಿತ್ತು, ಚಹಾ ಕುಡಿಯುವಾಗ ಹೇಳಬಹುದಿತ್ತು. ಬರೀ ಬಿಪಿ ತೋರಿಸಿಕೊಂಡು ಬರೋಣ ಎಂದೆ. ನಾನು ಹೇಡಿ ಎನ್ನುವುದನ್ನು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ, ಕಪ್ಪುಗಳನ್ನು ಎತ್ತಿಕೊಂಡು ಹೋದ ರೀತಿಯಲ್ಲೇ ಹೇಳಿದಳು. ಮಾಮಾ ಬೈಕ್ ತೆಗೆಯಲು ಹೋದರು. ಮಳೆ ಬರುವ ಹಾಗಿದೆ, ಬಸ್ಸಿಗೆ ಹೋಗೋಣ ಎಂದು ತಡೆದೆ. ಆಕಾಶ ನಿಚ್ಚಳವಾಗಿತ್ತು. ಅವರು ನನ್ನನ್ನೂ ಆಕಾಶವನ್ನೂ ನೋಡಿ, "ನಡಿ," ಎಂದರು.

ಕಿಟಕಿಯ ಪಕ್ಕ ಕುಳಿತರು. ಊರು ದಾಟುವ ಮೊದಲೇ ತಲೆ ಗಾಜಿಗೆ ಬಿತ್ತು. ಮೋಟೆಬೆನ್ನೂರು ಹತ್ತಿರ ಬಂದಾಗ ರಸ್ತೆಯ ಬದಿಯಲ್ಲಿ ಗಾಲಿಯ ಗುರುತು ಕಂಡಿತು. ಎರಡು ಸಾಲು ಗೋವಿನಜೋಳ ನೆಲಕ್ಕೆ ಒರಗಿದ್ದವು. ಗುರುತು ಎಲ್ಲಿಯೂ ಸೊಟ್ಟಗಾಗಿರಲಿಲ್ಲ. ನಾಯಿಯನ್ನು ತಪ್ಪಿಸಿದವನ ಗಾಲಿ ಗಕ್ಕನೆ ತಿರುಗಿರಬೇಕು, ಬ್ರೇಕಿನ ಕಪ್ಪು ಗೆರೆ ಇರಬೇಕು. ಇದು ನಿಧಾನವಾಗಿ, ನೆಟ್ಟಗೆ, ಮಲಗಲು ಹೋದ ಹಾಗೆ ಇಳಿದಿತ್ತು. ಗುರುತು ನಿಂತ ಜಾಗದಿಂದ ಹತ್ತು ಮಾರು ಮುಂದೆ ಒಂದು ಸಿಮೆಂಟಿನ ಮೋರಿ ಇತ್ತು. ಪಕ್ಕಕ್ಕೆ ನೋಡಿದರೆ ಮಾಮಾ ಅದೇ ಜಾಗ ದಾಟುವಾಗ ಬಾಯಿ ತೆರೆದು ಮಲಗಿದ್ದರು, ಉಸಿರು ನಿಂತಿತ್ತು. ನಾನು ಅವರ ಪಕ್ಕೆಗೆ ಜೋರಾಗಿ ತಿವಿದೆ.

ಹಾವೇರಿಯ ಲೇಡಿ ಡಾಕ್ಟರ್ ಕಿವಿ, ಮೂಗು, ಗಂಟಲು ನೋಡುವವರು. ನಮ್ಮನ್ನು ಕೂರಿಸಿ ಮೊದಲು ಮಾಮಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಗಿರಾಕಿಯನ್ನು ಹಾಗೇ ನೋಡುತ್ತೇನೆ. ಮಗ್ಗುಲಿಗೆ ತಿರುಗಿಸಿ ತುಟಿಯಿಂದ ಗದ್ದಕ್ಕೆ ಒಂದು ಪೆನ್ನು ನೆಟ್ಟಗೆ ಹಿಡಿದರು. ಗದ್ದ ಪೆನ್ನಿಗಿಂತ ಎಷ್ಟೋ ಹಿಂದಿತ್ತು. ಬಾಯಿ ತೆಗೆಸಿ, ನಾಲಿಗೆ ಹೊರಗೆ ಚಾಚಿಸಿ ಬ್ಯಾಟರಿ ಬಿಟ್ಟರು, ನನ್ನನ್ನೂ ಕರೆದು ತೋರಿಸಿದರು.

"ಕಿರುನಾಲಿಗಿ ಕಾಣಸ್ತದೇನ್ರಿ?"

ಕಾಣಲಿಲ್ಲ. ಬರೀ ನಾಲಿಗೆ, ಅದರ ಹಿಂದೆ ಅಂಗುಳು, ನಡುವೆ ದಾರಿಯೇ ಇಲ್ಲ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತುಗಳಿದ್ದವು.

"ಎಚ್ಚರ ಇದ್ದಾಗನ ಇಷ್ಟ ಇಕ್ಕಟ್ಟು. ಮಲಗಿದ ಮ್ಯಾಲೆ ಇದೆಲ್ಲಾ ಸಡಿಲಾಗಿ ಹಿಂದಕ್ಕ ಬೀಳತದ, ಗಾಳಿ ಹೋಗೂ ದಾರಿ ಮುಚ್ಚತದ. ಮೆದುಳು ಹೆದರಿ ಎಬ್ಬಸ್ತದ, ಮತ್ತ ಮಲಗ್ತಾರ, ಮತ್ತ ಮುಚ್ಚತದ. ಎಂಟ ತಾಸು ಮಲಗಿದ್ರೂ ಅದು ನಿದ್ದಿ ಅಲ್ಲ," ಎಂದರು. ಬಿಪಿ ನೋಡಿದರು, ತುಟಿ ಬಿಗಿದರು. "ಕಾಲರ್ ಎಷ್ಟು ನಿಮ್ಮದು?"

"ಹದಿನಾರು ರೀ," ಎಂದರು ಮಾಮಾ. ಆ ದಿನ ಅವರು ಧೈರ್ಯದಿಂದ ಹೇಳಿದ ಮಾತು ಅದೊಂದೇ. "ಇವನ ಹೊಲಿತಾನ್ರಿ. ಇಪ್ಪತ್ತೆರಡ ವರ್ಷಕ್ಕ ಒಂದ ಇಂಚು."

ಡಾಕ್ಟರ್ ಅವರ ಕುತ್ತಿಗೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೇಜಿನ ಡ್ರಾದಲ್ಲಿ ಟೇಪು ಹುಡುಕಿದರು, ಸಿಗಲಿಲ್ಲ. "ನಿಮ್ಮ ಹತ್ರ ಇರಬೇಕಲ್ಲ. ಹಿಡೀರಿ. ಗಂಡಸರಿಗೆ ಹದಿನೇಳು ದಾಟಿದ್ರ ನಾವು ಹುಷಾರಾಗ್ತೇವಿ."

ಟೇಪು ನನ್ನ ಜೇಬಿನಲ್ಲೇ ಇತ್ತು, ಯಾವಾಗಲೂ ಇರುತ್ತದೆ. ಮಾಮಾ ರೂಢಿಯಂತೆ ಗದ್ದ ಎತ್ತಿ ನಿಂತರು, ಕಣ್ಣು ಮುಚ್ಚಿದರು. ಸುತ್ತಿದೆ. ಎಷ್ಟು ಬರುತ್ತದೆ ಎಂದು ನನಗೆ ಗೊತ್ತಿತ್ತು. ಬೆರಳ ಕೆಳಗೆ ಅವರ ನಾಡಿ ಹೊಡೆದುಕೊಳ್ಳುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ: ನನಗೆ ಕೆಮ್ಮು ಬಂತು. ಬೇಕೆಂದು ತಂದದ್ದಲ್ಲ. ಮೂವತ್ತು ವರ್ಷದಿಂದ ದಪ್ಪ ಕುತ್ತಿಗೆಗೆ ಟೇಪು ಸುತ್ತಿದ ಕೂಡಲೇ ಬರುವ ಕೆಮ್ಮು ತಾನಾಗಿಯೇ ಬಂತು, ಅದರ ಹಿಂದೆ ಹದಿನಾರು ನಾಲಿಗೆಯ ತುದಿಗೆ ಬಂದು ನಿಂತಿತು. ಹದಿನಾರು ಎಂದರೆ ಮಾಮಾ ನಕ್ಕು ಹೊರಗೆ ನಡೆಯುತ್ತಾರೆ. ಸೋಮವಾರ ಬೆಳಿಗ್ಗೆ ಬಸ್ಸು ಹೊರಡುತ್ತದೆ. ಮೋರಿ ಅಲ್ಲೇ ಇರುತ್ತದೆ.

"ಹದಿನೆಂಟು," ಎಂದೆ.

ಮಾಮಾ ಕಣ್ಣು ತೆರೆದರು. ಡಾಕ್ಟರ್ ಕಡೆ ನೋಡಲಿಲ್ಲ.

"ಮೇ ತಿಂಗಳದಾಗ?"

"ಮೇ ತಿಂಗಳದಾಗೂ ಹದಿನೆಂಟ ರೀ."

"ಎಷ್ಟು ವರ್ಷ ಆತು ನೀ ಹಿಂಗ ಮಾಡಾಕತ್ತು?"

"ಏಳು ವರ್ಷ ರೀ ಮಾಮಾ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯ ಮೇಲೆ ಕುಳಿತು ತಮ್ಮ ಕುತ್ತಿಗೆಯನ್ನು ತಾವೇ ಕೈಯಿಂದ ಮುಟ್ಟಿ ನೋಡಿಕೊಂಡರು. ಆಮೇಲೆ ಡಾಕ್ಟರಿಗೆ, "ನಾಯಿ ಇರಲಿಲ್ರಿ," ಎಂದರು. ಹಗಲು ನಿದ್ದೆಯ ಬಗ್ಗೆ, ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆದು ಎಬ್ಬಿಸುವುದರ ಬಗ್ಗೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದರ ಬಗ್ಗೆ ಒಂದೊಂದಾಗಿ ಹೇಳಿದರು. ಮಂಪರು ಬರಬಾರದೆಂದು ಬಾಯಲ್ಲಿ ಒಣಮೆಣಸಿನಕಾಯಿ ಇಟ್ಟುಕೊಂಡು ಬಸ್ಸು ಓಡಿಸುತ್ತಿದ್ದರಂತೆ. ಅಕ್ಕನಿಗೂ ಇದು ಗೊತ್ತಿರಲಿಲ್ಲ.

ಕುತ್ತಿಗೆ ಒಂದನ್ನೇ ನೋಡಿ ಏನೂ ತೀರ್ಮಾನ ಮಾಡುವುದಿಲ್ಲ, ಗದ್ದ, ಗಂಟಲು, ಬಿಪಿ, ಹೆಂಡತಿ ಕಂಡದ್ದು ಎಲ್ಲ ಸೇರಿ ಅನುಮಾನ ಬರುತ್ತದೆ, ಖಾತ್ರಿಯಾಗಲು ಒಂದು ರಾತ್ರಿ ಯಂತ್ರ ಕಟ್ಟಿ ಮಲಗಿಸಿ ನೋಡಬೇಕು ಎಂದು ಡಾಕ್ಟರ್ ಹೇಳಿದರು. ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬಾರದು ಎಂದು ಶಾಲೆಗೆ ಚೀಟಿ ಬರೆದರು. ಹೊರಡುವಾಗ ನಾನು ಅಪ್ಪನ ವಿಷಯ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, "ಈಗ ಹೇಳಾಕ ಬರೂದಿಲ್ರಿ," ಎಂದರು. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ನನಗೆ ಹಗುರಾಗುತ್ತಿತ್ತು.

ಹುಬ್ಬಳ್ಳಿಯಲ್ಲಿ ಪರೀಕ್ಷೆಯಾಯಿತು. ಡಾಕ್ಟರ ಅನುಮಾನ ಖರೆಯಾಯಿತು, ಅದೂ ಜೋರಾಗಿ. ಈಗ ಮಾಮಾ ಮೂಗಿಗೆ ಮುಖವಾಡ ಹಾಕಿಕೊಂಡು ಮಲಗುತ್ತಾರೆ, ಪಕ್ಕದ ಡಬ್ಬಿ ಗಾಳಿ ಊದುತ್ತದೆ. ಮೊದಲ ವಾರ ಕಿತ್ತೆಸೆದರು, ಅಕ್ಕ ಮತ್ತೆ ಮತ್ತೆ ಕಟ್ಟಿದಳು. ಬಸ್ಸು ಬೇರೆಯವರ ಕೈಗೆ ಹೋಯಿತು. ನಾಲ್ಕು ತಿಂಗಳು ಮಾಮಾ ಶಾಲೆಯ ಗೇಟಿನಲ್ಲಿ ಕುಳಿತರು. ತಾವು ಹತ್ತಿಸಿಕೊಂಡು ಬರುತ್ತಿದ್ದ ಮಕ್ಕಳು ಬೇರೆಯವನ ಬಸ್ಸಿನಿಂದ ಇಳಿಯುವುದನ್ನು ದಿನಾ ನೋಡಿದರು. ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿ ಚೀಟಿ ಕೊಟ್ಟ ಮೇಲೆ ಬಸ್ಸು ತಿರುಗಿ ಸಿಕ್ಕಿತು.

ನನ್ನೊಡನೆ ಮಾತಿರಲಿಲ್ಲ. ದೀಪಾವಳಿಗೆ ಬರಲಿಲ್ಲ. ಹಾವೇರಿಯ ರೆಡಿಮೇಡ್ ಅಂಗಡಿಯಲ್ಲಿ ಅಂಗಿ ಕೊಂಡರಂತೆ. ಅಲ್ಲಿಯವನು ಅವರ ಮುಖ ನೋಡಿದ ಕೂಡಲೇ ಎಲ್ಲಕ್ಕಿಂತ ದೊಡ್ಡ ಸೈಜು ತೆಗೆದು ಎದುರಿಗಿಟ್ಟನಂತೆ. ಅಕ್ಕ ಇದನ್ನು ಫೋನಿನಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ನಾನು ಅಂಗಡಿಯಲ್ಲಿ ಕೆಮ್ಮುವುದನ್ನು ಬಿಟ್ಟಿದ್ದೆ. ಟೇಪು ಎಷ್ಟು ಹೇಳುತ್ತದೋ ಅಷ್ಟೇ, ಆದರೆ ಗಿರಾಕಿಗೆ ಮಾತ್ರ ಕೇಳುವ ಹಾಗೆ. ಇಬ್ಬರು ಹಳೆಯ ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಹೋಗಲಿ.

ಈ ವರ್ಷ ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಮಾಮಾ ಖಾಕಿ ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದರು. ಬೆಂಚಿನ ಮೇಲೆ ಮೂವರು ಕುಳಿತಿದ್ದರು. "ಬರ್ರಿ ಮಾಮಾ, ಕುಂದ್ರಿ," ಎಂದೆ. ಕೂರಲಿಲ್ಲ. ನೆಟ್ಟಗೆ ಬಂದು ನನ್ನೆದುರು ಗದ್ದ ಎತ್ತಿ ನಿಂತರು. ಈ ಸಲ ಕಣ್ಣು ಮುಚ್ಚಲಿಲ್ಲ. ಹೆಂಡತಿ ಬುಕ್ಕು ತೆರೆದಳು.

ಟೇಪು ಸುತ್ತಿದೆ. ಬೆಳಿಗ್ಗೆಯಿಂದ ಬಟ್ಟೆ ಕತ್ತರಿಸಿದ್ದೆ, ಗಂಟಲಲ್ಲಿ ದೂಳು ಸಿಕ್ಕಿತ್ತು. ಕೆಮ್ಮು ಬರುವ ಹಾಗಾಯಿತು. ಉಗುಳು ನುಂಗಿ ನುಂಗಿ ತಡೆದೆ, ಕಣ್ಣಲ್ಲಿ ನೀರು ಬಂತು.

"ಹದಿನೇಳೂಕಾಲು," ಎಂದೆ, ಅವರ ಕಿವಿಗೆ ಮಾತ್ರ ಕೇಳುವ ಹಾಗೆ.

ಮಾಮಾ ನನ್ನ ಬೆರಳಿದ್ದ ಜಾಗದಲ್ಲಿ ತಮ್ಮ ಉಗುರು ಊರಿ, ಟೇಪನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಬಾಗಿಲ ಬೆಳಕಿಗೆ ಹೋಗಿ, ಕಣ್ಣು ಕಿರಿದು ಮಾಡಿ ತಾವೇ ಓದಿದರು. ಒಮ್ಮೆ ಅಲ್ಲ, ಎರಡು ಸಲ ಓದಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ಬೆಂಚಿನವರಿಗೆಲ್ಲ ಕೇಳುವ ಹಾಗೆ, "ಹದಿನೇಳೂಕಾಲು. ಬರಕೋ ತಂಗಿ," ಎಂದರು.